ಗುಗ್ಗೆಯ ದಾರಿಯಲ್ಲಿ ಕುಳಿತ ಯಂತ್ರ

ಕೆಟ್ಟುಹೋಗಿದೆ ಎಂದು ದುರಸ್ತಿಗೆ ಬರುವ ಕಿವಿಯೊಳಗಿನ ಶ್ರವಣ ಸಾಧನಗಳಲ್ಲಿ ಅನೇಕವು ನಿಜಕ್ಕೂ ಕೆಟ್ಟಿರುವುದಿಲ್ಲ. ಭೂತಗನ್ನಡಿ ಹಿಡಿದು ಅದರ ಒಳತುದಿಯನ್ನು ನೋಡಿದರೆ ಸಾಸಿವೆ ಕಾಳಿನಷ್ಟು ಚಿಕ್ಕದಾದ ಒಂದು ಜಾಲರಿ ಕಾಣಿಸುತ್ತದೆ. ಅದರ ಕಣ್ಣುಗಳಲ್ಲಿ ಜೇನುಬಣ್ಣದ ಗುಗ್ಗೆ ಮೆತ್ತಿಕೊಂಡು ಒಣಗಿರುತ್ತದೆ. ಒಳಗೆ ಮೈಕ್ರೊಫೋನ್ ಕೇಳಿಸಿಕೊಳ್ಳುತ್ತಿದೆ, ಚಿಪ್ ಲೆಕ್ಕ ಹಾಕುತ್ತಿದೆ, ಪುಟಾಣಿ ಸ್ಪೀಕರ್ ಕಂಪಿಸುತ್ತಿದೆ. ಧ್ವನಿಗೆ ಹೊರಬರಲು ದಾರಿ ಮಾತ್ರ ಇಲ್ಲ. ಹೊಸದರಲ್ಲಿ ನಾನೂ ಒಂದಾದ ಮೇಲೊಂದು ಎರಡು ಬ್ಯಾಟರಿ ಬದಲಾಯಿಸಿ, ಸಾಧನವನ್ನು ಶಪಿಸಿ, ಕೊನೆಗೆ ಆ ಜಾಲರಿಯತ್ತ ಕಣ್ಣು ಹಾಯಿಸಿದವನೇ.

ಇದು ಹೀಗೇಕೆ ಎಂಬುದು ಕಿವಿಯ ರಚನೆಯನ್ನು ನೋಡಿದರೆ ತಿಳಿಯುತ್ತದೆ. ವಯಸ್ಕರ ಕಿವಿನಾಳದ ಉದ್ದ ಸುಮಾರು 2.5 ಸೆಂ.ಮೀ. ಅದರ ಹೊರಗಿನ ಮೂರನೆಯ ಒಂದು ಭಾಗಕ್ಕೆ ಮೃದ್ವಸ್ಥಿಯ ಗೋಡೆಯಿದ್ದು, ಸಣ್ಣ ಕೂದಲುಗಳೂ ಗುಗ್ಗೆ ಸ್ರವಿಸುವ ಗ್ರಂಥಿಗಳೂ ಅಲ್ಲಿನ ಚರ್ಮದಲ್ಲೇ ಇವೆ. ಉಳಿದ ಭಾಗ ತೆಳುಚರ್ಮ ಹೊದ್ದ ಎಲುಬಿನ ಕೊಳವೆ. ಅಲ್ಲಿ ಗುಗ್ಗೆ ಹುಟ್ಟುವುದಿಲ್ಲ. ಈ ನಾಳದ ಚರ್ಮಕ್ಕೆ ವಿಶೇಷವಾದ ಒಂದು ನಡೆಯಿದೆ: ಅದು ಕಿವಿತಮಟೆಯಿಂದ ಹೊರಬಾಗಿಲಿನ ಕಡೆಗೆ ಬಹಳ ನಿಧಾನವಾಗಿ ಸರಿಯುತ್ತಾ ಬೆಳೆಯುತ್ತದೆ ಮತ್ತು ತನ್ನ ಮೇಲೆ ಬಿದ್ದ ಧೂಳನ್ನೂ ಗುಗ್ಗೆಯನ್ನೂ ಹೊತ್ತು ತರುತ್ತದೆ. ನಾವು ಮಾತಾಡುವಾಗ, ಅಗಿಯುವಾಗ ದವಡೆಯ ಚಲನೆಯೂ ಈ ಕೆಲಸಕ್ಕೆ ನೆರವಾಗುತ್ತದೆ. ಆರೋಗ್ಯವಾಗಿರುವ ಕಿವಿ ತನ್ನ ಕಸವನ್ನು ತಾನೇ ಗುಡಿಸಿಕೊಳ್ಳುತ್ತದೆ. ಕಿವಿಯೊಳಗಿನ ಸಾಧನ ಕುಳಿತುಕೊಳ್ಳುವುದು ಈ ಕಸ ಸಾಗುವ ದಾರಿಯಲ್ಲಿಯೇ. ಅದರ ಸ್ಪೀಕರಿನ ಬಾಯಿ ಒಳಮುಖವಾಗಿರುವುದರಿಂದ ಬಂದ ಗುಗ್ಗೆಯೆಲ್ಲ ಮೊದಲು ಅಲ್ಲಿಗೇ ತಾಗುತ್ತದೆ.

ಹಾಗಿದ್ದರೂ ಯಂತ್ರವನ್ನು ಅಲ್ಲಿ ಕೂರಿಸುವುದರಲ್ಲಿ ಲಾಭವಿದೆ. ಕಿವಿಯ ಹಿಂದೆ ಕೂರುವ ಸಾಧನದ ಮೈಕ್ರೊಫೋನಿಗೆ ಹೊರಗಿವಿಯ ಮಡಿಕೆಗಳ ನೆರವು ಸಿಗುವುದಿಲ್ಲ. ಧ್ವನಿ ಮುಂದಿನಿಂದ ಬಂತೋ ಹಿಂದಿನಿಂದಲೋ ಎಂಬುದನ್ನು ನಾವು ಗುರುತಿಸುವುದು ಬಹುಮಟ್ಟಿಗೆ ಆ ಮಡಿಕೆಗಳಿಂದಲೇ. ಕಿವಿಯ ಬಟ್ಟಲಿನೊಳಗೆ ಕುಳಿತ ಮೈಕ್ರೊಫೋನಿಗೆ ಈ ಸಹಜ ಸುಳಿವು ಉಳಿಯುತ್ತದೆ, ಗಾಳಿಯ ಸದ್ದೂ ಕಡಿಮೆ ಬಡಿಯುತ್ತದೆ, ಕನ್ನಡಕದ ಕಡ್ಡಿಯೊಂದಿಗೆ ಜಾಗಕ್ಕಾಗಿ ಜಗಳವಿಲ್ಲ. ಇದರ ಜೊತೆಗೆ, ಸಾಧನ ಆಳಕ್ಕೆ ಹೋದಷ್ಟೂ ಅದಕ್ಕೂ ತಮಟೆಗೂ ನಡುವೆ ಉಳಿಯುವ ಗಾಳಿಯ ಪ್ರಮಾಣ ಕಡಿಮೆಯಾಗುತ್ತದೆ. ಆ ಗಾಳಿಯ ಗಾತ್ರ ಅರ್ಧವಾದರೆ ಅದೇ ಸ್ಪೀಕರ್ ಉಂಟುಮಾಡುವ ಒತ್ತಡ ಇಮ್ಮಡಿಯಾಗುತ್ತದೆ, ಅಂದರೆ ಸುಮಾರು 6 ಡೆಸಿಬೆಲ್ ಪುಕ್ಕಟೆಯಾಗಿ ದಕ್ಕುತ್ತದೆ. ಕಣ್ಣಿಗೆ ಕಾಣದಿರುವುದೂ ಅನೇಕರಿಗೆ ಮುಖ್ಯ. 1983ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಕಿವಿಯೊಳಗಿನ ಸಾಧನ ಧರಿಸಿ ಕಾಣಿಸಿಕೊಂಡದ್ದು ಈ ಮಾದರಿಗೆ ದೊಡ್ಡ ಪ್ರಚಾರ ತಂದುಕೊಟ್ಟಿತು. ಆದರೆ ತೀರಾ ಚಿಕ್ಕ ಮಾದರಿಗಳಲ್ಲಿ ಎರಡನೆಯ ಮೈಕ್ರೊಫೋನಿಗೂ ದೊಡ್ಡ ಬ್ಯಾಟರಿಗೂ ಜಾಗವಿರುವುದಿಲ್ಲವಾದ್ದರಿಂದ, ಚಿಕ್ಕದೇ ಉತ್ತಮ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ತೀವ್ರ ಕಿವುಡಿರುವವರಿಗೂ ಕಿವಿ ಇನ್ನೂ ಬೆಳೆಯುತ್ತಿರುವ ಮಕ್ಕಳಿಗೂ ಸಾಮಾನ್ಯವಾಗಿ ಹಿಂಬದಿಯ ಸಾಧನವೇ ಸೂಕ್ತ.

ಶುಚಿಗೊಳಿಸುವ ವೇಳೆ ಯಾವುದು ಎಂಬ ಪ್ರಶ್ನೆ ಕ್ಷುಲ್ಲಕವೆನಿಸಬಹುದು, ಆದರೆ ಅದರಲ್ಲಿ ಒಂದು ಮರ್ಮವಿದೆ. ರಾತ್ರಿ ಸಾಧನವನ್ನು ತೆಗೆದ ಕೂಡಲೇ ಗುಗ್ಗೆ ಮೈಬಿಸಿಗೆ ಮೆತ್ತಗಾಗಿ ಜಿಗುಟಾಗಿರುತ್ತದೆ. ಆಗ ಬ್ರಷ್ ಆಡಿಸಿದರೆ ಅದು ಉದುರುವ ಬದಲು ರಂಧ್ರಕ್ಕೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ರಾತ್ರಿ ಒಣಬಟ್ಟೆಯಿಂದ ಹೊರಮೈ ಒರೆಸಿಟ್ಟು, ಗುಗ್ಗೆ ಒಣಗಿ ಗರಿಗರಿಯಾದ ಮೇಲೆ, ಬೆಳಿಗ್ಗೆ ಧರಿಸುವ ಮುನ್ನ ಬ್ರಷ್ ಹಾಕುವುದು ಒಳ್ಳೆಯದು. ಬ್ರಷ್ ಆಡಿಸುವ ರಂಧ್ರ ನೆಲದ ಕಡೆಗೆ ಮುಖಮಾಡಿರಬೇಕು, ಉದುರಿದ ಪುಡಿ ಮತ್ತೆ ಒಳಗೇ ಬೀಳಬಾರದು. ಪಿನ್ನು, ಸೂಜಿಗಳಿಂದ ಚುಚ್ಚಿದರೆ ಸ್ಪೀಕರಿನ ಸೂಕ್ಷ್ಮ ಪೊರೆ ಹರಿಯುತ್ತದೆ. ಜಾಲರಿ ತುಂಬಿಹೋಗಿದ್ದರೆ ಅದನ್ನು ಬದಲಿಸುವುದೇ ಸರಿ. ಅದಕ್ಕೆಂದೇ ಎರಡು ತುದಿಯ ಪುಟ್ಟ ಕಡ್ಡಿಗಳು ಬರುತ್ತವೆ: ಒಂದು ತುದಿ ಹಳೆಯ ಜಾಲರಿಯನ್ನು ಕಚ್ಚಿ ಹೊರಗೆಳೆಯುತ್ತದೆ, ಕಡ್ಡಿಯನ್ನು ತಿರುಗಿಸಿ ಇನ್ನೊಂದು ತುದಿಯಲ್ಲಿರುವ ಹೊಸದನ್ನು ಆ ಜಾಗಕ್ಕೆ ಒತ್ತಬೇಕು.

ನೀರು, ಸ್ಪಿರಿಟ್ಟು, ಸಾಬೂನು ಯಾವುದೂ ಸಾಧನಕ್ಕೆ ಸೋಕಬಾರದು. ಸ್ನಾನ ಮತ್ತು ಈಜಿಗೆ ಮುಂಚೆ ಅದನ್ನು ತೆಗೆಯುವುದು ಎಲ್ಲರಿಗೂ ನೆನಪಿರುತ್ತದೆ, ಮರೆತುಹೋಗುವುದು ಬೆವರು. ಮೈಬಿಸಿಯ ಕಿವಿಯೊಳಗಿಂದ ಹೊರಬಂದ ಸಾಧನದಲ್ಲಿ ತೇವ ಇದ್ದೇ ಇರುತ್ತದೆ. ಬ್ಯಾಟರಿಯ ಬಾಗಿಲನ್ನು ತೆರೆದು, ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟರೆ ಆ ತೇವ ಆರುತ್ತದೆ. ಬೇಗ ಒಣಗಲೆಂದು ಹೇರ್ ಡ್ರೈಯರ್ ಹಿಡಿಯುವುದು ಚಿಪ್ಪನ್ನೂ ಒಳಗಿನ ಬೆಸುಗೆಗಳನ್ನೂ ಹಾಳುಮಾಡುವ ಕೆಲಸ.

ಬ್ಯಾಟರಿಯ ವಿಚಾರ ಸ್ವಾರಸ್ಯಕರ. ರೀಚಾರ್ಜ್ ಮಾಡಬಹುದಾದ ಮಾದರಿಗಳು ಬಂದಿದ್ದರೂ ತೀರಾ ಚಿಕ್ಕ ಸಾಧನಗಳಲ್ಲಿ ಹೆಚ್ಚಾಗಿ ಇರುವುದು ಸತು-ಗಾಳಿ ಬ್ಯಾಟರಿಯೇ. ಹಳದಿ ಗುರುತಿನದು 10ನೆಯ ಅಳತೆ, ಕಂದು 312, ಕಿತ್ತಳೆ 13. ಇದರೊಳಗಿರುವುದು ಸತುವಿನ ಪುಡಿ; ಅದು ವರ್ತಿಸಬೇಕಾದ ಆಮ್ಲಜನಕ ಹೊರಗಿನ ಗಾಳಿಯಿಂದ ಬರಬೇಕು. ಬೆನ್ನಿಗಂಟಿದ ಬಣ್ಣದ ಚೀಟಿಯನ್ನು ಕಿತ್ತಾಗ ಸಣ್ಣ ರಂಧ್ರಗಳು ತೆರೆದುಕೊಂಡು ಗಾಳಿ ಒಳಹೋಗುತ್ತದೆ. ಕಿತ್ತ ಕೂಡಲೇ ಬಾಗಿಲು ಮುಚ್ಚದೆ ಕೆಲವು ನಿಮಿಷ ಹಾಗೆಯೇ ಬಿಟ್ಟರೆ ಅದು ಪೂರ್ಣ ವೋಲ್ಟೇಜಿಗೆ, ಅಂದರೆ ಸುಮಾರು 1.4ಕ್ಕೆ, ಏರುತ್ತದೆ. ಚೀಟಿ ಕಿತ್ತ ಮೇಲೆ ಬಳಸಲಿ, ಬಿಡಲಿ, ಬ್ಯಾಟರಿ ಸವೆಯತೊಡಗುತ್ತದೆ. ಅದನ್ನು ಮತ್ತೆ ಅಂಟಿಸಿ ಉಳಿತಾಯ ಮಾಡಲಾಗದು. ಮಗುವೊಂದು ಇದನ್ನು ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಸಾಕುನಾಯಿಗಳಿಗೂ ಶ್ರವಣ ಸಾಧನ ಕಚ್ಚುವ ಚಪಲವಿದೆ, ಬಹುಶಃ ಅದರ ವಾಸನೆಗಾಗಿ.

ಇನ್ನು ಶಿಳ್ಳೆ. ಸ್ಪೀಕರಿನ ಧ್ವನಿ ಅಂಚಿನಿಂದ ಸೋರಿ ಮೈಕ್ರೊಫೋನಿಗೆ ಮರಳಿ, ಮತ್ತೆ ಹಿಗ್ಗಿ, ಮತ್ತೆ ಸೋರುವ ಚಕ್ರವೇ ಈ ಶಿಳ್ಳೆ. ಅಂಗೈಯಲ್ಲಿ ಮುಚ್ಚಿ ಹಿಡಿದಾಗ ಸಾಧನ ಕುಂಯ್‌ಗುಟ್ಟಿದರೆ ಅದಕ್ಕೆ ಜೀವವಿದೆ ಎಂದರ್ಥ, ಅದು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಕಿವಿಯಲ್ಲಿರುವಾಗ ಕೂಗಿದರೆ ಮಾತ್ರ ಕಾರಣ ಹುಡುಕಬೇಕು. ಬಹಳ ಸಲ ಸಾಧನ ಸರಿಯಾಗಿ ಕುಳಿತಿರುವುದಿಲ್ಲ. ಇನ್ನೊಂದು ಕೈಯಿಂದ ಹೊರಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಬಾಗಿದ ನಾಳ ನೇರವಾಗಿ ಅದು ಸಲೀಸಾಗಿ ಒಳಸೇರುತ್ತದೆ. ಕೆಂಪು ಗುರುತು ಬಲಗಿವಿಗೆ, ನೀಲಿ ಎಡಗಿವಿಗೆ. ನಾಳದಲ್ಲಿ ಗುಗ್ಗೆ ಗಟ್ಟಿಯಾಗಿ ಕುಳಿತಿದ್ದರೂ ಧ್ವನಿ ಅದಕ್ಕೆ ಬಡಿದು ಹಿಂದಿರುಗುತ್ತದೆ.

ಮೊದಲ ದಿನಗಳಲ್ಲಿ ತಮ್ಮ ದನಿಯೇ ಕೊಡದೊಳಗಿಂದ ಬಂದಂತೆ ಗುಂಯ್‌ಗುಡುತ್ತದೆ ಎಂದು ಎಲ್ಲರೂ ದೂರುತ್ತಾರೆ. ಮಾತಾಡುವಾಗ ಎಲುಬಿನ ಮೂಲಕ ಕಿವಿನಾಳಕ್ಕೆ ಬರುವ ತಗ್ಗುದನಿಯ ಕಂಪನಗಳು ಸಾಮಾನ್ಯವಾಗಿ ಹೊರಗೆ ಹೋಗಿಬಿಡುತ್ತವೆ. ಬಾಗಿಲು ಮುಚ್ಚಿದಾಗ ಅವು ಒಳಗೇ ಉಳಿಯುತ್ತವೆ. ಸಾಧನದಲ್ಲಿ ಕೊರೆದಿರುವ ಗಾಳಿಗಂಡಿ ಇರುವುದು ಇದಕ್ಕಾಗಿ. ಅದು ಕಟ್ಟಿಕೊಂಡರೆ ಗುಂಯ್‌ಕಾರ ಮರಳುತ್ತದೆ, ಹಾಗಾಗಿ ಅದಕ್ಕೂ ಆಗಾಗ ತೆಳುವಾದ ನೈಲಾನ್ ಎಳೆ ತೂರಿಸಬೇಕು. ಇನ್ನೊಂದು ದೂರು ಮೂಲಭೂತವಾದದ್ದು: ‘ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ.’ ವಯಸ್ಸಿನ ಕಿವುಡು ಮೊದಲು ಕಸಿಯುವುದು ಮೇಲ್ದನಿಗಳನ್ನು, ವ್ಯಂಜನಗಳು ಬದುಕುವುದು ಅಲ್ಲಿಯೇ. ಹಾಲು, ಕಾಲು, ಪಾಲು, ಸಾಲು ಎಲ್ಲವೂ ಬರಿಯ ‘ಆಲು’ ಆಗಿಬಿಡುತ್ತವೆ. ಸಾಧನ ಆ ಮೊದಲಕ್ಷರವನ್ನು ಹಿಗ್ಗಿಸಿ ಕೊಟ್ಟರೂ ವರ್ಷಗಟ್ಟಲೆ ಅದನ್ನು ಕೇಳದ ಮಿದುಳಿಗೆ ಅದು ಕರ್ಕಶವಾಗಿ ಕೇಳುತ್ತದೆ. ದಿನಕ್ಕೆ ಕೆಲವು ಗಂಟೆಗಳಿಂದ ಆರಂಭಿಸಿ ನಿತ್ಯವೂ ಧರಿಸಿದರೆ ವಾರಗಳಲ್ಲಿ ಆ ಕರ್ಕಶತೆ ಇಳಿಯುತ್ತದೆ. ಇಳಿಯದಿದ್ದರೆ ಸಹಿಸುತ್ತಾ ಕೂರದೆ ಶ್ರವಣತಜ್ಞರಲ್ಲಿ ಹೋಗಿ ಹೊಂದಾಣಿಕೆಯನ್ನು ಬದಲಿಸಿಕೊಳ್ಳಬೇಕು.

ಕಿವಿ ಸೋರುತ್ತಿದ್ದರೆ, ನೋಯುತ್ತಿದ್ದರೆ ಸಾಧನ ಧರಿಸದೆ ವೈದ್ಯರನ್ನು ಕಾಣಬೇಕು. ಗುಗ್ಗೆಯನ್ನು ಹತ್ತಿಯ ಕಡ್ಡಿಯಿಂದ ತೆಗೆಯಲು ಹೊರಟರೆ ಅದು ಇನ್ನಷ್ಟು ಆಳಕ್ಕೆ ಹೋಗುತ್ತದೆ. ಸಾಧನ ಧರಿಸುವವರು ಕೆಲವು ತಿಂಗಳಿಗೊಮ್ಮೆ ವೈದ್ಯರಿಂದ ಕಿವಿ ಪರೀಕ್ಷಿಸಿಕೊಳ್ಳುವುದು ವಾಸಿ. ಮೈ ಇಳಿದಾಗ ನಾಳದ ಆಕಾರವೂ ಬದಲಾಗಿ ಹೊರಚಿಪ್ಪು ಸಡಿಲವಾಗುವುದುಂಟು. ಆಗ ಹೊಸ ಅಚ್ಚು ತೆಗೆದು, ಹಳೆಯ ಯಂತ್ರಕ್ಕೇ ಹೊಸ ಚಿಪ್ಪು ಹಾಕಿಸಬಹುದು. ಅಚ್ಚು ತೆಗೆಸುವ ಮುನ್ನ ಕಿವಿ ಶುಚಿಯಾಗಿರಬೇಕು. ಇಲ್ಲವಾದರೆ ಹೊಸ ಚಿಪ್ಪು ಕಿವಿಯ ಬದಲು ಗುಗ್ಗೆಯ ಅಳತೆಗೆ ತಯಾರಾಗಿ ಬರುತ್ತದೆ.