ಅವ್ವನ ತೋಳಿನ ಕಲೆಯಿಂದ ಗುರುವಾರದ ಅಂಗನವಾಡಿವರೆಗೆ

ನಮ್ಮ ಅವ್ವನ ತೋಳಿನ ಮೇಲೆ ಎರಡು ಗುಂಡನೆಯ ಕಲೆಗಳಿವೆ. ಒಂದೊಂದೂ ನಾಲ್ಕಾಣೆ ನಾಣ್ಯದಷ್ಟು ಅಗಲ. ಚಿಕ್ಕವರಿದ್ದಾಗ ಅವುಗಳ ಮೇಲೆ ಬೆರಳಾಡಿಸುತ್ತಾ ಇದೇನು ಅಂತ ಕೇಳಿದರೆ, 'ದೇವಿ ಹಾಕಿದ್ದು' ಅನ್ನುತ್ತಿದ್ದಳು. ಜಮಖಂಡಿ ಕಡೆಯ ಹಳೆಯ ಮಂದಿಗೆ ಸಿಡುಬು ಅಂದರೆ ದೇವಿ. ರೋಗ ಬಂದರೆ 'ದೇವಿ ಬಂದಾಳ', ರೋಗ ಬಾರದಂತೆ ಲಸಿಕೆ ಕೊಟ್ಟರೆ 'ದೇವಿ ಹಾಕ್ಯಾರ'. ಎರಡಕ್ಕೂ ಒಂದೇ ಹೆಸರು. ನನ್ನ ತೋಳಿನ ಮೇಲೆ ಅಂಥ ಕಲೆ ಇಲ್ಲ. ಕ್ಷಯದ ಲಸಿಕೆ ಬಿಸಿಜಿಯದು ಒಂದು ಸಣ್ಣ ಗುರುತು ಮಾತ್ರ ಇದೆ. ಈ ಎರಡು ತೋಳುಗಳ ನಡುವೆ ನಮ್ಮ ಭಾಗದ ಆರೋಗ್ಯದ ದೊಡ್ಡ ಕಥೆಯೇ ಇದೆ.

ಆ ಕಥೆಯ ಒಂದು ಮುಖ್ಯ ಜಾಗ ಬೆಳಗಾವಿಯ ಟಿಳಕವಾಡಿಯಲ್ಲಿದೆ. 'ವ್ಯಾಕ್ಸಿನ್ ಡಿಪೋ' ಅಂದರೆ ಸಾಕು, ಆಟೋದವರು ದಾರಿ ಕೇಳುವುದಿಲ್ಲ. ಬೆಳಿಗ್ಗೆ ವಾಕಿಂಗ್‌ಗೆ ಬರುವವರಿಗೆ ಅದು ದೊಡ್ಡ ದೊಡ್ಡ ಮರಗಳಿರುವ ಬಯಲು, ಅಷ್ಟೇ. ಆದರೆ ಬೆಳಗಾವಿ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 20ನೇ ಶತಮಾನದ ಮೊದಲ ವರ್ಷಗಳಲ್ಲಿ, ಸಿಡುಬಿನ ಲಸಿಕೆ ತಯಾರಿಸಲೆಂದೇ ಹುಟ್ಟಿದ ಜಾಗ ಅದು.

ಅದಕ್ಕೂ ಮೊದಲು ಲಸಿಕೆಯನ್ನು ಮಕ್ಕಳ ತೋಳಿನಿಂದ ತೋಳಿಗೆ ದಾಟಿಸುತ್ತಿದ್ದರು. ಭಾರತದಲ್ಲಿ ಮೊದಲ ಸಿಡುಬಿನ ಲಸಿಕೆ ಬಿದ್ದದ್ದು 1802ರ ಜೂನ್ 14ರಂದು, ಮುಂಬೈನ ಮೂರು ವರ್ಷದ ಒಂದು ಹುಡುಗಿಗೆ. ಅದು ಬಾಗ್ದಾದ್, ಬಸ್ರಾ ದಾಟಿ ಬಂದದ್ದು ಹೀಗೆ ಒಬ್ಬರಿಂದ ಒಬ್ಬರಿಗೆ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ಕೀವು ತೆಗೆದು ಇನ್ನೊಂದು ಮಗುವಿಗೆ ಹಚ್ಚುವುದು. ನಡುವೆ ಒಂದು ಕೊಂಡಿ ತಪ್ಪಿದರೆ ಅಲ್ಲಿಗೇ ಮುಗಿಯಿತು. ಬಿಸಿಲಿಗೆ ಮದ್ದು ಸತ್ತುಹೋಗುತ್ತಿತ್ತು. ತಾಯಂದಿರೂ ಒಪ್ಪುತ್ತಿರಲಿಲ್ಲ. ಬೇರೆಯವರ ಮಗುವಿನ ಕೀವನ್ನು ತನ್ನ ಮಗುವಿಗೆ ಯಾವ ತಾಯಿ ಸುಮ್ನೆ ಹಾಕಿಸಿಕೊಳ್ಳುತ್ತಾಳೆ, ಅಲ್ವಾ?

ಡಿಪೋಗಳು ಬಂದ ಮೇಲೆ ಈ ಕೆಲಸ ಕರುಗಳ ಮೈಮೇಲೆ ನಡೆಯಿತು. ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ಚರ್ಮವನ್ನು ಮೆಲ್ಲಗೆ ಗೀರಿ, ಲಸಿಕೆಯ ಬೀಜ ಹಚ್ಚುತ್ತಿದ್ದರು. ಐದಾರು ದಿನಕ್ಕೆ ಗುಳ್ಳೆ ಏಳುತ್ತಿದ್ದವು. ಆ ತಿರುಳನ್ನು ಕೆರೆದು ತೆಗೆದು, ಗ್ಲಿಸರಿನ್ ಹಾಕಿ ಅರೆದು, ಸಣ್ಣ ನಳಿಗೆಗಳಲ್ಲಿ ತುಂಬಿ ಊರೂರಿಗೆ ಕಳಿಸುತ್ತಿದ್ದರು. ಹಳ್ಳಿಗೆ ಬಂದ ಲಸಿಕೆಯವನ ಕೈಯಲ್ಲಿ ಒಂದು ಹಲ್ಲಿನ ಚಕ್ರ ಇರುತ್ತಿತ್ತು. ಅದನ್ನು ತೋಳಿನ ಮೇಲಿಟ್ಟು ತಿರುವಿದರೆ ಮಗು ಚೀರುತ್ತಿತ್ತು. ಅವ್ವನ ತೋಳಿನ ಕಲೆಗಳು ಅದರವು. 'ದೇವಿ ಹಾಕುವವರು ಬಂದರು' ಅಂದ ಕೂಡಲೇ ಹುಡುಗರನ್ನು ಬಣವಿಯ ಹಿಂದೆ ಅಡಗಿಸುತ್ತಿದ್ದರಂತೆ. ಅಜ್ಜಿ ಹೇಳುತ್ತಿದ್ದಳು. ಆಗಿನವರನ್ನು ನಾನು ಮೂಢರು ಅನ್ನಲಾರೆ. ಗುರುತಿಲ್ಲದ ಒಬ್ಬ ವರ್ಷಕ್ಕೊಮ್ಮೆ ಬಂದು, ಮಗುವನ್ನು ಅಳಿಸಿ, ಏನೂ ತಿಳಿಸಿ ಹೇಳದೆ ಹೋಗುತ್ತಿದ್ದ. ಮೂರು ದಿನ ಜ್ವರ ಕಾಯುವವಳು ತಾಯಿ.

ಸಿಡುಬು ಹೋದದ್ದು ಬರೀ ಲಸಿಕೆಯಿಂದ ಅಲ್ಲ. 1967ರಿಂದ ಕೆಲಸದ ರೀತಿ ಬದಲಾಯಿತು. ಚಕ್ರದ ಜಾಗಕ್ಕೆ ಕವಲು ತುದಿಯ ಸೂಜಿ ಬಂತು. ಕಾರ್ಯಕರ್ತರು ಸಿಡುಬು ಎದ್ದ ಮಗುವಿನ ಚಿತ್ರ ಹಿಡಿದು ಸಂತೆ, ಶಾಲೆ, ಓಣಿ ತಿರುಗಿದರು. 'ಇಂಥದ್ದು ಎಲ್ಲಾದರೂ ನೋಡಿದ್ದೀರಾ?' ಅಂತ ಮನೆ ಮನೆಗೆ ಹೋಗಿ ಕೇಳಿದರು. ಕೊನೆಗೆ ಒಂದು ಪ್ರಕರಣ ತೋರಿಸಿದವರಿಗೆ 1,000 ರೂಪಾಯಿ ಇನಾಮು ಇತ್ತು. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಪ್ರಕರಣ ಸಿಕ್ಕಿತು. 1980ರಲ್ಲಿ ಇಡೀ ಜಗತ್ತೇ ಸಿಡುಬಿನಿಂದ ಮುಕ್ತ ಅಂತ ಘೋಷಣೆಯಾಯಿತು.

ಆಮೇಲಿನದು ಬೇಗ ಹೇಳಬಹುದು. 1978ರಲ್ಲಿ ಮಕ್ಕಳ ಲಸಿಕೆಯ ದೊಡ್ಡ ಕಾರ್ಯಕ್ರಮ ಶುರುವಾಯಿತು. 1985ರಿಂದ ಅದು ಎಲ್ಲ ಜಿಲ್ಲೆಗಳಿಗೂ ಹರಡತೊಡಗಿತು. 1995ರಲ್ಲಿ ಪಲ್ಸ್ ಪೋಲಿಯೊ ಬಂತು. 'ಎರಡು ಹನಿ' ಅಂದರೆ ಈಗಲೂ ಎಲ್ಲರಿಗೂ ಗೊತ್ತು. ಹನಿ ಬಿದ್ದ ಮಗುವಿನ ಎಡಗೈ ಕಿರುಬೆರಳಿಗೆ ಮಸಿ. ಮನೆಯ ಬಾಗಿಲಿಗೆ ಸೀಮೆಸುಣ್ಣದ ಗುರುತು: ಎಲ್ಲ ಮಕ್ಕಳಿಗೂ ಆಗಿದ್ದರೆ 'ಪಿ', ಒಂದು ಮಗು ತಪ್ಪಿದ್ದರೂ 'ಎಕ್ಸ್'. ಎಕ್ಸ್ ಬಿದ್ದ ಮನೆಗೆ ಮತ್ತೆ ಬರುತ್ತಿದ್ದರು. ಗುಡಿ, ಮಸೀದಿಗಳ ಮೈಕಿನಲ್ಲೂ ಸಾರಿದರು. 2011ರ ಜನವರಿಯ ನಂತರ ದೇಶದಲ್ಲಿ ಸಹಜವಾಗಿ ಹರಡುವ ಪೋಲಿಯೊ ಕಾಣಲಿಲ್ಲ. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಬಂತು.

ಈ ನಡುವೆ ಆದ ಒಂದು ಬದಲಾವಣೆ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಆಶಾ ಕಾರ್ಯಕರ್ತೆ ಬಂದಳು. ಆಕೆ ಅದೇ ಊರಿನ ಸೊಸೆ ಅಥವಾ ಮಗಳು. ಬೆಳಗಾವಿಯ ಗಡಿ ಊರುಗಳಲ್ಲಿ ಮರಾಠಿಯಲ್ಲೂ ಮಾತಾಡುತ್ತಾಳೆ. ವಿಜಯಪುರದ ತಾಂಡಾಗಳಲ್ಲಿ ಲಂಬಾಣಿ ಮಾತಿನವಳೇ ಇರುತ್ತಾಳೆ. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರು ತವರಿಗೆ ಹೋಗಿದ್ದಾರೆ, ಕಬ್ಬಿನ ಗ್ಯಾಂಗಿನ ಜೋಪಡಿಗಳಲ್ಲಿ ಎಷ್ಟು ಕೂಸುಗಳಿವೆ ಅನ್ನುವುದೆಲ್ಲ ಆಕೆಗೆ ಗೊತ್ತು. ಕಬ್ಬು ಕಡಿಯುವ ತಿಂಗಳುಗಳಲ್ಲಿ ಬೀಡ್ ಕಡೆಯಿಂದ ಗ್ಯಾಂಗು ಇಲ್ಲಿಗೆ ಬರುತ್ತವೆ. ವಿಜಯಪುರದ ಮಂದಿ ದುಡಿಯಲು ಮಹಾರಾಷ್ಟ್ರ, ಗೋವಾಕ್ಕೆ ಹೋಗುತ್ತಾರೆ. ಲಸಿಕೆ ತಪ್ಪುವುದು ಹೆಚ್ಚಾಗಿ ಇವರ ಮಕ್ಕಳಿಗೇ. 2014ರ ಡಿಸೆಂಬರ್‌ನಲ್ಲಿ ಶುರುವಾದ ಇಂದ್ರಧನುಷ್ ಅಭಿಯಾನ ಹುಡುಕಿದ್ದು ಇಂಥ ಮಕ್ಕಳನ್ನೇ.

ಗುರುವಾರ ಅಂಗನವಾಡಿಗೆ ಹೋಗಿ ನೋಡಿ. ನೀಲಿ ಡಬ್ಬಿಯೊಳಗೆ ನಾಲ್ಕು ಐಸ್‌ಪ್ಯಾಕ್, ನಡುವೆ ಲಸಿಕೆಯ ಶೀಸೆಗಳು. 2ರಿಂದ 8 ಡಿಗ್ರಿ ತಂಪು ತಪ್ಪಬಾರದು. ಶೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಚೆನ್ನಾಗಿದೆ. ಎರಡರ ಬಣ್ಣ ಒಂದೇ ಆದರೆ ಬಿಸಿ ತಾಗಿದೆ, ಎಸೆಯಬೇಕು. ಬಿಸಿಜಿ ಮತ್ತು ದಡಾರದ ಲಸಿಕೆ ಪುಡಿ ರೂಪದಲ್ಲಿರುತ್ತವೆ. ನೀರು ಬೆರೆಸಿದ ಮೇಲೆ ನಾಲ್ಕೇ ತಾಸು. ಶೀಸೆಯಲ್ಲಿ ಮದ್ದು ಉಳಿದಿದ್ದರೂ ಇಟ್ಟುಕೊಳ್ಳುವ ಹಾಗಿಲ್ಲ.

ಆ ನಾಲ್ಕು ತಾಸಿನ ನಿಯಮ ಯಾಕೆ ಅಂತ ನಮ್ಮ ಭಾಗದವರು ಮರೆಯಬಾರದು. 2022ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೇಲೆ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಟ್ಟ, ಕೊಟ್ಟ ರೀತಿಯಲ್ಲಿ ಲೋಪವಾಗಿದೆ ಅಂತ ಆರಂಭದ ತನಿಖೆಯಲ್ಲಿ ಕಂಡು, ಸಿಬ್ಬಂದಿಯ ಅಮಾನತು ಆಯಿತು. ಆ ತಾಯಂದಿರ ದುಃಖಕ್ಕೆ ಯಾವ ಸಮಾಧಾನವೂ ಇಲ್ಲ. ಇಂಥದ್ದು ಆದಾಗ ಸುತ್ತಲಿನ ಊರುಗಳಲ್ಲಿ ಹುಟ್ಟುವ ಭಯ ಸುಳ್ಳಿನಿಂದ ಹುಟ್ಟಿದ್ದಲ್ಲ. 2017ರ ಫೆಬ್ರುವರಿಯಲ್ಲಿ ಇದೇ ಲಸಿಕೆಯ ಅಭಿಯಾನ ನಡೆದಾಗ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ್ದು ಬರೀ ವದಂತಿ. ರಾಮದುರ್ಗದ್ದು ಹಾಗಲ್ಲ. ವದಂತಿಗೆ ಉತ್ತರ ಕೊಡಬಹುದು. ತಪ್ಪಾದಾಗ ತಪ್ಪು ಅಂತ ಒಪ್ಪಿಕೊಂಡು, ಏನಾಯಿತು ಅಂತ ಬಿಡಿಸಿ ಹೇಳಬೇಕು.

ಲಸಿಕೆಗಳ ಪಟ್ಟಿಯೂ ಬೆಳೆದಿದೆ. 2013ರಲ್ಲಿ ನಮ್ಮ ರಾಜ್ಯಕ್ಕೆ ಪೆಂಟಾವಲೆಂಟ್ ಬಂತು: ಐದು ರೋಗಕ್ಕೆ ಒಂದೇ ಸೂಜಿ. ಆಮೇಲೆ ಭೇದಿಗೆ ರೋಟಾ ಹನಿ, 2021ರಲ್ಲಿ ನ್ಯುಮೋನಿಯಾ ತಡೆಯುವ ಪಿಸಿವಿ. 2022ರ ಡಿಸೆಂಬರ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಮಕ್ಕಳಿಗೂ ಮಿದುಳು ಜ್ವರದ ಲಸಿಕೆ ಶುರುವಾಯಿತು. 2023ರಿಂದ ಪೋಲಿಯೊ ಸೂಜಿಯ ಮೂರನೇ ಡೋಸು ಒಂಬತ್ತು ತಿಂಗಳಿಗೆ ಸೇರಿತು. ಹಳೇ ಕಾರ್ಡು ನೋಡಿ 'ದೊಡ್ಡವನಿಗೆ ಇಷ್ಟೊಂದು ಇರಲಿಲ್ಲ' ಅನ್ನುವ ತಾಯಿ ಸರಿಯಾಗೇ ಹೇಳುತ್ತಿದ್ದಾಳೆ.

ಸಿಸ್ಟರ್‌ಗಳು ಇದನ್ನೆಲ್ಲ ಒಂದು ಲೆಕ್ಕದಲ್ಲಿ ಹೇಳುತ್ತಾರೆ: 'ಒಂದೂವರೆ, ಎರಡೂವರೆ, ಮೂರೂವರೆ, ಆಮ್ಯಾಲ ಒಂಬತ್ತು ತಿಂಗಳಿಗೆ ಬರ್ರಿ.' ಅಂದರೆ ಹೆರಿಗೆಯಾದ ಮೊದಲ ವರ್ಷದಲ್ಲಿ ಬಾಣಂತಿ ಕನಿಷ್ಠ ನಾಲ್ಕು ಸಲ ಆರೋಗ್ಯ ಕಾರ್ಯಕರ್ತೆಯ ಎದುರು ಕೂರುತ್ತಾಳೆ. ಲಸಿಕೆ ಕೊಟ್ಟ ಮೇಲೆ ಅರ್ಧ ತಾಸು ಅಲ್ಲೇ ಇರಬೇಕು. ಆ ಅರ್ಧ ತಾಸಿನಲ್ಲಿ ಎಲ್ಲರೂ ಕೂಸನ್ನೇ ನೋಡುತ್ತಾರೆ. ತಾಯಿಯ ಮನಸ್ಸು ಹೇಗಿದೆ ಅಂತ ಕೇಳುವವರು ಕಡಿಮೆ.

ನಾನು ಇದನ್ನು ಬರೆಯುವುದೇ ಆ ಅರ್ಧ ತಾಸಿಗಾಗಿ. ಮನಸ್ಸಿನ ಕಾಯಿಲೆಯ ಬಗ್ಗೆ ನಮ್ಮ ಕಡೆಯ ಮಾತು ಕೇಳಿ. 'ಗಾಳಿ ಆಗೇತಿ.' 'ಬಾಣಂತಿ ಸನ್ನಿ.' ಸಿಟ್ಟು ಬಂದರೆ 'ಇವನನ್ನ ಧಾರವಾಡಕ್ಕ ಕಳಿಸಬೇಕು.' ಧಾರವಾಡದ ಮಾನಸಿಕ ಆಸ್ಪತ್ರೆಯ ಬೇರು 1845ರಷ್ಟು ಹಿಂದಿನದು. ಬಹಳ ಕಾಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರೂ ಜಿಲ್ಲೆಯವರಿಗೆ ಮನಸ್ಸಿನ ಚಿಕಿತ್ಸೆ ಅಂದರೆ ಅದೊಂದೇ ದಾರಿ. ಆಸ್ಪತ್ರೆಯ ಊರೇ ಬೈಗುಳವಾದ ಮೇಲೆ ಅಲ್ಲಿಗೆ ಹೋಗುವವರು ಯಾರು? ಹಾಗಾಗಿ ಮೊದಲು ತಾಯಿತ, ಆಮೇಲೆ ದೇವರು ಕೇಳುವುದು. ಆಸ್ಪತ್ರೆ ಕಟ್ಟಕಡೆಗೆ.

ಇದನ್ನು ಬದಲಿಸುವ ದಾರಿ ನಮ್ಮ ಪಕ್ಕದಲ್ಲೇ ಹುಟ್ಟಿತ್ತು. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಹಳ್ಳಿಯ ಆರೋಗ್ಯ ಸಹಾಯಕರಿಗೆ ತರಬೇತಿ ಕೊಟ್ಟು, ಗುಳಿಗೆಗಳನ್ನು ಅಲ್ಲಿಗೇ ಮುಟ್ಟಿಸಿದರು. ಮನಸ್ಸಿನ ಕಾಯಿಲೆಗೂ ಜ್ವರದ ಹಾಗೇ ಹತ್ತಿರದಲ್ಲಿ ಮದ್ದು ಸಿಗಬಹುದು ಅಂತ ತೋರಿಸಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಆಮೇಲೆ ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆ ಪಡೆಯುವುದನ್ನು ಹಕ್ಕು ಅಂದಿತು, ಸರಪಳಿ ಹಾಕುವುದನ್ನು ನಿಷೇಧಿಸಿತು. 2022ರ ಅಕ್ಟೋಬರ್ 10ರಂದು ಮನಸ್ಸಿನ ತೊಂದರೆಗೆ ಫೋನ್ ಸಹಾಯವಾಣಿ ಟೆಲಿ ಮಾನಸ್ ಬಂತು. 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಎಲ್ಲವೂ ಇದೆ. ಆದರೆ ಮಂಗಳವಾರ ತಾಲ್ಲೂಕಿಗೆ ಹೋಗಿ ಅಂತ ಹೇಳುವವರು ಬೇಕಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದಾಗ ಗಂಜಿ ಕೇಂದ್ರದಲ್ಲಿ ಜ್ವರದ ಗುಳಿಗೆ ಹಂಚುವುದನ್ನು ನೋಡಿದ್ದೇನೆ. ಮನೆ, ಎಮ್ಮೆ ಎರಡೂ ಹೋದ ಒಬ್ಬ ಹಿರಿಯರು ಗೋಡೆ ನೋಡುತ್ತಾ ಕೂತಿದ್ದರು. ಅವರಿಗೆ ಜ್ವರ ಇರಲಿಲ್ಲ, ಹಾಗಾಗಿ ಯಾರೂ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ.

ಹೋದ ಚಳಿಗಾಲದಲ್ಲಿ ನಮ್ಮ ಓಣಿಯ ಅಂಗನವಾಡಿಯಲ್ಲಿ ಕೂತಿದ್ದೆ. ಎರಡೂವರೆ ತಿಂಗಳ ಕೂಸಿಗೆ ಸೂಜಿ ಆಯಿತು. ಸಿಸ್ಟರ್ ಎಂದಿನಂತೆ ನಾಲ್ಕು ಮಾತು ಹೇಳಿದರು: ಯಾವ ಲಸಿಕೆ ಕೊಟ್ಟದ್ದು, ಜ್ವರ ಬಂದರೆ ಏನು ಮಾಡಬೇಕು, ಮುಂದಿನ ಸಲ ಯಾವಾಗ ಬರಬೇಕು, ತಾಯಿ ಕಾರ್ಡ್ ಕಳೆಯಬೇಡಿ. ಕೂಸು ಅತ್ತು ಮಲಗಿತು. ಆಶಾ ಅಕ್ಕ ಕೂಸಿನ ತಾಯಿಯಾದ ಹುಡುಗಿಯ ಪಕ್ಕ ಚಾಪೆಯ ಮೇಲೆ ಕೂತಳು.

'ಕೂಸು ನಿದ್ದಿ ಮಾಡ್ತೈತಿ. ನಿನಗ ನಿದ್ದಿ ಬರ್ತೈತೇನವಾ?'

ಹುಡುಗಿ ಸೆರಗು ಸರಿ ಮಾಡಿಕೊಂಡಳು. ಬಾಗಿಲ ಕಡೆ ನೋಡಿದಳು. ಅತ್ತೆ ಹೊರಗೆ ಚಪ್ಪಲಿ ಕಾಯುತ್ತಾ ನಿಂತಿದ್ದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಅಂದಳು: 'ಇಲ್ರಿ ಅಕ್ಕಾ. ಕೂಸಿನ್ನ ಎತ್ಕೊಳ್ಳಾಕೂ ಅಂಜಿಕಿ ಆಗ್ತೈತಿ.'

ಆಶಾ ಅಕ್ಕ ತಾಯಿ ಕಾರ್ಡಿನ ಹಿಂದೆ 14416 ಅಂತ ಬರೆದಳು. ಕೆಳಗೆ 'ಮಂಗಳವಾರ' ಅಂತ ಬರೆದು, 'ನಾನೂ ಬರ್ತೀನಿ, ಎಂಟರ ಬಸ್ಸಿಗೆ' ಅಂದಳು.