ಸೆಲೆಕ್ಟಿವ್ ಅಂತೆ, ಯಾರಿಗೆ ಸೆಲೆಕ್ಟಿವ್?

"ಇದು ಸೆಲೆಕ್ಟಿವ್ ಔಷಧಿ, ಮಿತ್ರಕೀಟಕ್ಕೆ ಏನೂ ಆಗಲ್ಲ." ಈ ವಾಕ್ಯ ಈ ವಾರದಲ್ಲೇ ನಾಲ್ಕು ಸಲ ಓದಿದೆ, ನಾಲ್ಕು ಸಲಾನೂ ಬೆಳೆಗೆ ಹೊಡೆಯೋ ಬೇರೆ ಬೇರೆ ಕೀಟನಾಶಕದ ಬಗ್ಗೆ, ಅದ್ರಲ್ಲೊಂದು ಸ್ಪೈನೋಸಾಡ್. ಮಿತ್ರಕೀಟ ಅಂದ್ರೆ ಬೆಳೆ ಹಾಳು ಮಾಡೋ ಹುಳಗಳನ್ನ ಕೊಲ್ಲೋ ಹುಳ. ಸಾಕಪ್ಪ. (ವಿಷಕ್ಕೆ ಔಷಧಿ ಅಂತ ಯಾಕಂತೀವಿ ಅನ್ನೋದು ಬೇರೆ ಜಗಳ, ಇವತ್ತು ಬೇಡ.)

ಪದದ ಬುಡಕ್ಕೆ ಹೋಗೋಣ. ಲ್ಯಾಟಿನ್ನಲ್ಲಿ 'ಸೆ' ಅಂದ್ರೆ ಬೇರೆಯಾಗಿ, 'ಲೆಗೆರೆ' ಅಂದ್ರೆ ಹೆಕ್ಕೋದು, ಆರಿಸೋದು. ನಮ್ಮ 'ಆಯ್' ಕೂಡ ಅದೇ ಕೆಲಸದ್ದು: ಹೂವು ಆಯ್ತೀವಿ, ಸೌದೆ ಆಯ್ತೀವಿ, ಚಿಂದಿ ಆಯ್ತಾರೆ, ಅಲ್ಲಿಂದಾನೇ ಆಯ್ಕೆ, ಆಯ್ದ ಕವಿತೆ ಎಲ್ಲಾ ಬಂದಿದ್ದು. ಇದಕ್ಕೆಲ್ಲ ಒಂದು ಕಣ್ಣು ಬೇಕು, ಒಂದು ಕೈ ಬೇಕು. ಪಂಪಿಂದ ಬೀಳೋ ಹನಿಗೆ ಎರಡೂ ಇಲ್ಲ, ಅದು ಗಿಡದ ಹೇನಿನ ಮೇಲೂ ಬೀಳುತ್ತೆ, ಹೇನು ತಿನ್ನೋಕೆ ಬಂದ ಗುಲಗಂಜಿ ಹುಳದ ಮೇಲೂ ಬೀಳುತ್ತೆ. ವ್ಯತ್ಯಾಸ ಶುರುವಾಗೋದು ಬಿದ್ದ ಮೇಲೆ, ಒಂದು ಹುಳದ ಮೈಯಲ್ಲಿ ಆ ವಿಷ ಹೋಗಿ ಕೂರೋ ಜಾಗ ಇರುತ್ತೆ, ಇನ್ನೊಂದರಲ್ಲಿ ಇರಲ್ಲ, ಇಲ್ಲಾಂದ್ರೆ ಅದನ್ನ ಬೇಗ ಒಡೆದು ಹಾಕೋ ಕಿಣ್ವ ಇರುತ್ತೆ. ಹಾಗಾಗಿ 'ಆಯ್ದು ಕೊಲ್ಲುವ ಕೀಟನಾಶಕ' ಅಂತ ಅನುವಾದ ಮಾಡೋರಿಗೆ ನಮಸ್ಕಾರ, ಎಲ್ಲರಿಗೂ ಬಡಿದು ಕೆಲವರು ಬದುಕಿ ಉಳಿದ್ರೆ ಅದು ಆಯ್ಕೆ ಹೇಗಾಗುತ್ತೆ?

ಇನ್ನೊಂದು, ಸೆಲೆಕ್ಟಿವ್ ಅನ್ನೋದು 'ಹತ್ತಿರ' ಇದ್ದ ಹಾಗೆ. ಯಾವುದಕ್ಕೆ ಹತ್ತಿರ ಅಂತ ಹೇಳದಿದ್ರೆ ಅರ್ಥಾನೇ ಇಲ್ಲ. ಕಂಬಳಿಹುಳಕ್ಕೆ ಹೊಡೆಯೋ ಬಿಟಿ ಅನ್ನೋ ಬ್ಯಾಕ್ಟೀರಿಯಾದ ಪುಡಿ ಹೊಟ್ಟೆಗೆ ಹೋಗಿ ಅಲ್ಲಿ ಬಿಚ್ಚಿಕೊಂಡರೆ ಮಾತ್ರ ವಿಷ, ಎಲೆ ಮೇಲೆ ಕೂತ ಕಣಜದ ಹುಳಕ್ಕೆ ಅದು ಬರೀ ಧೂಳು, ಸರಿ, ಅದಕ್ಕೆ ಆ ಹೆಸರು ಒಪ್ಪುತ್ತೆ. ಸ್ಪೈನೋಸಾಡ್, ಹೇನು ತಿನ್ನೋ ಕ್ರೈಸೋಪರ್ಲಾ ಥರದ ಎಷ್ಟೋ ಬೇಟೆಗಾರ ಹುಳಗಳಿಗೆ ಸೌಮ್ಯ, ಆದ್ರೆ ಬೇರೆ ಹುಳದ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನ ಕೊಲ್ಲೋ ಪರತಂತ್ರ ಕಣಜಗಳಿಗೆ ಒಣಗದ ಎಲೆ ತುಳಿದ್ರೂ ಕಷ್ಟ. ಸಾವಯವ ಕೃಷಿಲೂ ಇದನ್ನ ಬಳಸೋಕೆ ಬಿಡ್ತಾರೆ ಅಂತ ಯಾರಾದ್ರೂ ಕಾಮೆಂಟ್ ಹಾಕ್ತಾರೆ ಅಂತ ಗೊತ್ತು. ಬಿಡ್ತಾರೆ. ಕಣಜಕ್ಕೆ ಆ ಸರ್ಟಿಫಿಕೇಟ್ ಓದೋಕೆ ಬರಲ್ಲ.

ನನಗೆ ಜಾಸ್ತಿ ಸಿಟ್ಟು ಬರೋದು 'ಸಾಯಲ್ಲ, ಹಾಗಾದ್ರೆ ಸೇಫ್' ಅನ್ನೋ ಲೆಕ್ಕಕ್ಕೆ. ವೆಡೇಲಿಯಾ ಅನ್ನೋ ಗುಲಗಂಜಿ ಹುಳ ನೋಡಿ, 1888-89ರಲ್ಲಿ ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಿಗೆ ತಂದು ಬಿಟ್ಟಿದ್ದು, ಒಂದೆರಡು ವರ್ಷದಲ್ಲಿ ಅಲ್ಲಿ ಗಿಡದ ರಸ ಹೀರ್ತಿದ್ದ ಶಲ್ಕಕೀಟವನ್ನ ಮಟ್ಟ ಹಾಕ್ತು. 1940ರ ದಶಕದಲ್ಲಿ ಡಿಡಿಟಿ ಬಂತು, ವೆಡೇಲಿಯಾ ಸತ್ತವು, ಶಲ್ಕಕೀಟ ವಾಪಸ್ ಬಂತು. ಇದು ಎಲ್ಲರಿಗೂ ಗೊತ್ತಿರೋ ಕಥೆ. ಅದೇ ತೋಟಗಳಲ್ಲಿ 1990ರ ದಶಕದ ಕೊನೆಗೆ ಮತ್ತೆ ಹಂಗೇ ಆಯ್ತು, ಈ ಸಲ ಪೈರಿಪ್ರಾಕ್ಸಿಫೆನ್‌ನಿಂದ, ಅದೇನು ಡಿಡಿಟಿ ಥರ ಒರಟು ವಿಷ ಅಲ್ಲ, ಕೀಟದ ಬೆಳವಣಿಗೆಯ ಹಾರ್ಮೋನ್ ಥರ ನಟಿಸೋ ನಾಜೂಕಿನ ಮಾಲು. ದೊಡ್ಡ ವೆಡೇಲಿಯಾ ಅದರಿಂದ ಸಾಯಲ್ಲ, ಆರಾಮಾಗಿ ಓಡಾಡ್ಕೊಂಡಿರುತ್ತೆ. ಇಟ್ಟ ಮೊಟ್ಟೆ ಮಾತ್ರ ಒಡೆಯಲ್ಲ. ಮರಿಹುಳ ಪ್ರೌಢ ಆಗಲ್ಲ. ಸತ್ತ ಹುಳ ಎಣಿಸೋನಿಗೆ ಸೊನ್ನೆ ಸಿಗುತ್ತೆ, ಸೇಫ್ ಅಂತ ಬರ್ಕೊಂಡು ಹೋಗ್ತಾನೆ.

ಟ್ರೈಕೋಗ್ರಾಮದಲ್ಲಿ ಇದರ ಉಲ್ಟಾ. ಅರ್ಧ ಮಿಲಿಮೀಟರ್ ಕಣಜ, ಪತಂಗದ ಮೊಟ್ಟೆ ಒಳಗೇ ಬೆಳೆಯುತ್ತೆ, ಮೊಟ್ಟೆ ಕಪ್ಪಗಾಗುತ್ತೆ. ಆ ಸಿಪ್ಪೆ ಒಳಗಿರೋವಾಗ ಮೇಲೆ ಏನು ಹೊಡೆದ್ರೂ ಸುಮಾರಾಗಿ ತಡ್ಕೊಳ್ಳುತ್ತೆ. ಹೊರಗೆ ಬರೋ ದಿನ ಸಿಪ್ಪೆಗೆ ಬಾಯಿ ಹಾಕಿ ಕಡಿದು ತೂತು ಮಾಡ್ಬೇಕು, ಔಷಧಿ ಒಣಗಿ ಕೂತಿರೋದು ಅದೇ ಸಿಪ್ಪೆ ಮೇಲೆ.

ಐಒಬಿಸಿ ಅನ್ನೋ ಅಂತಾರಾಷ್ಟ್ರೀಯ ಜೈವಿಕ ನಿಯಂತ್ರಣ ಸಂಘಟನೆ ಔಷಧಿಗಳಿಗೆ 1ರಿಂದ 4ರವರೆಗೆ ದರ್ಜೆ ಕೊಡುತ್ತೆ. ಲ್ಯಾಬ್ ಪರೀಕ್ಷೆಲಿ ಹಾನಿ ಶೇ 30ರ ಒಳಗಿದ್ರೆ 1ನೇ ದರ್ಜೆ, ಅಂದ್ರೆ 'ನಿರಪಾಯ'. ನೂರಕ್ಕೆ ಇಪ್ಪತ್ತೊಂಬತ್ತು ಹೋದ್ರೂ ನಿರಪಾಯಾನೇ. ಹೋಲಿಸಿ ನೋಡೋಕೆ ಒಳ್ಳೆ ಅಳತೆ, ತಪ್ಪಿಲ್ಲ, ಆದ್ರೆ 'ಏನೂ ಆಗಲ್ಲ' ಅಂತ ಅದು ಎಲ್ಲೂ ಹೇಳಿಲ್ಲ. ಇನ್ನು ಡಬ್ಬಿ ಮೇಲೆ ಕಮ್ಮಿ ವಿಷ ಅಂತ ಗುರುತಿದೆ ಅನ್ನೋರಿಗೆ: ಅದು ಇಲಿ ಮೇಲೆ ಪರೀಕ್ಷೆ ಮಾಡಿ ಮನುಷ್ಯರಿಗೋಸ್ಕರ ಹಾಕಿದ್ದು, ಗುಲಗಂಜಿ ಹುಳವನ್ನ ಯಾರೂ ಕೇಳಿಲ್ಲ.

ಸೆಲೆಕ್ಟಿವ್ ಪದ ನಿಜವಾಗಿ ಹೊಂದೋದು ಹೊಡೆಯೋ ಮನುಷ್ಯನಿಗೆ, ಕಣ್ಣು ಕೈ ಎರಡೂ ಅವನಿಗೇ ಇರೋದು. ಯಾವ ಗಿಡಕ್ಕೆ, ಯಾವ ಹೊತ್ತಲ್ಲಿ, ಮಿತ್ರಕಣಜಗಳನ್ನ ತಂದು ತೋಟಕ್ಕೆ ಬಿಟ್ಟು ಎಷ್ಟು ದಿನ ಆದ್ಮೇಲೆ ಅಂತ ನೋಡಿ ಹೊಡೆದ್ರೆ ಒರಟು ವಿಷಾನೂ ಒಂದಿಷ್ಟು ಮಿತ್ರರನ್ನ ಉಳಿಸುತ್ತೆ. ಬೀಜೋಪಚಾರಾನೂ, ಅಂದ್ರೆ ಬೀಜಕ್ಕೇ ಔಷಧಿ ಹಚ್ಚಿ ಬಿತ್ತೋದನ್ನೂ, ಇದೇ ಲೆಕ್ಕಕ್ಕೆ ಸೇರಿಸ್ತಾರೆ, ಮಣ್ಣಲ್ಲಿ ಹೋಯ್ತು, ಮೇಲಿರೋರಿಗೇನು ಅಂತ. ಆದ್ರೆ ಅದು ಗಿಡದ ರಸದಲ್ಲಿ ಮೇಲೆ ಬರುತ್ತೆ, ಬೇಟೆ ಸಿಗದ ದಿನ ಎಲೆ ರಸಾನೇ ಹೀರ್ಕೊಂಡಿರೋ ಬೇಟೆಗಾರ ತಿಗಣೆಗಳೂ ಇದ್ದಾವೆ.