'ಅಂತಾರಾಷ್ಟ್ರೀಯ' ಎಂದರೆ 'ವಿದೇಶಿ' ಅಲ್ಲ

ಮೊನ್ನೆ ರಾತ್ರಿ ಸುದ್ದಿ ವಾಹಿನಿಯೊಂದರಲ್ಲಿ ಕೆಂಪು ಪಟ್ಟಿ, ಅದರ ಮೇಲೆ ದಪ್ಪಕ್ಷರದಲ್ಲಿ 'ಅಂತಾರಾಷ್ಟ್ರೀಯ ಸುದ್ದಿ'. ತೋರಿಸಿದ್ದು ಅಮೆರಿಕದ ಯಾವುದೋ ಊರಿನಲ್ಲಿ ಮನೆಯ ಈಜುಕೊಳಕ್ಕೆ ಇಳಿದ ಮೊಸಳೆಯನ್ನು. ಮೊಸಳೆ ಅಲ್ಲಿಯದು, ಕೊಳ ಅಲ್ಲಿಯದು, ಹೆದರಿದವರೂ ಅಲ್ಲಿಯವರೇ. ಎರಡನೆಯ ರಾಷ್ಟ್ರ ಎಲ್ಲಿದೆ? ಇದು ವಿದೇಶಿ ಸುದ್ದಿ, ಅಷ್ಟೇ. ಈ ತಪ್ಪನ್ನು ಎಷ್ಟು ಸಲ ನೋಡಿಕೊಂಡು ಸುಮ್ಮನಿರುವುದು?

'ಅಂತರ್' ಎಂಬುದಕ್ಕೆ ಒಳಗೆ, ನಡುವೆ ಎಂಬ ಎರಡು ಅರ್ಥಗಳಿವೆ. ಅಂತರ್ಜಲ ನೆಲದೊಳಗಿನದು, ಅಂತರ್ಜಾತಿ ವಿವಾಹ ಎರಡು ಜಾತಿಗಳ ನಡುವಿನದು. ಅಂತರ್ ಮತ್ತು ರಾಷ್ಟ್ರೀಯ ಸೇರುವಾಗ ಎರಡು ರೇಫಗಳು, ಎಂದರೆ 'ರ್' ಧ್ವನಿಗಳು, ಎದುರಾಗುತ್ತವೆ. ಸಂಸ್ಕೃತ ಸಂಧಿಯಲ್ಲಿ ಮೊದಲನೆಯ ರೇಫ ಲೋಪವಾಗಿ ಹಿಂದಿನ ಸ್ವರ ದೀರ್ಘವಾಗುತ್ತದೆ. ನಿರ್ ಮತ್ತು ರಸ ಸೇರಿ 'ನೀರಸ' ಆದದ್ದು ಹೀಗೆಯೇ. 'ಅಂತಾ' ಎಂಬ ದೀರ್ಘ ಬಂದದ್ದು ಅಲ್ಲಿಂದ. 'ಅಂತರರಾಷ್ಟ್ರೀಯ' ಎಂದು ಬರೆಯುವವರೊಂದಿಗೆ ನನಗೆ ಜಗಳವಿಲ್ಲ. ಎರಡು ರೂಪದಲ್ಲೂ 'ನಡುವೆ' ಎಂಬ ಅರ್ಥ ಉಳಿಯುತ್ತದೆ, ಮುಖ್ಯವಾದದ್ದು ಅದು. ನಮ್ಮದಲ್ಲದ ಯಾವುದೋ ಒಂದೇ ಜಾತಿಯವರಿಬ್ಬರು ತಮ್ಮತಮ್ಮಲ್ಲೇ ಮದುವೆಯಾದರೆ ಅದನ್ನು ಯಾರೂ ಅಂತರ್ಜಾತಿ ವಿವಾಹ ಎನ್ನುವುದಿಲ್ಲ. ಕಾವೇರಿಯದು ಅಂತರರಾಜ್ಯ ವಿವಾದ. ಚೆನ್ನೈನ ಚರಂಡಿಯ ವಿಷಯ ಅಂತರರಾಜ್ಯವಾಗುವುದಿಲ್ಲ. ಇಷ್ಟು ಸ್ಪಷ್ಟವಾಗಿರುವ ವಿವೇಕ ರಾಷ್ಟ್ರದ ಮಾತು ಬಂದ ಕೂಡಲೇ ಏಕೆ ಕೈಬಿಡಬೇಕು?

ಇಂಗ್ಲಿಷಿನ 'ಇಂಟರ್‌ನ್ಯಾಷನಲ್' ಪದವನ್ನು 18ನೇ ಶತಮಾನದ ಕೊನೆಯಲ್ಲಿ ಟಂಕಿಸಿದ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಾಮ್‌ಗೂ ಬೇಕಿದ್ದುದು ರಾಷ್ಟ್ರಗಳ ನಡುವಣ ಕಾನೂನಿಗೆ ಒಂದು ಹೆಸರು. ಟಿ.ವಿ. ಸುದ್ದಿಯಲ್ಲಿ ಅದರ ಅರ್ಥ ಕಲಸಿದ್ದರಲ್ಲಿ ಅಮೆರಿಕದ ಸುದ್ದಿ ವಾಹಿನಿ ಸಿಎನ್‌ಎನ್‌ನ ಸ್ಥಾಪಕ ಟೆಡ್ ಟರ್ನರ್ ಅವರ ಪಾಲೂ ಇದೆ. 1980ರಲ್ಲಿ ಶುರುವಾದ ಆ 24 ಗಂಟೆಯ ವಾಹಿನಿ ಹಲವು ದೇಶಗಳನ್ನು ತಲುಪಿದ ಮೇಲೆ, 1990ರಲ್ಲಿ, 'ಫಾರಿನ್' ಎನ್ನಬಾರದು, 'ಇಂಟರ್‌ನ್ಯಾಷನಲ್' ಎನ್ನಬೇಕು ಎಂದು ಅವರು ಸಿಬ್ಬಂದಿಗೆ ಕಟ್ಟಪ್ಪಣೆ ಮಾಡಿದರು. ಆ ಕಾಳಜಿ ನನಗೆ ಅರ್ಥವಾಗುತ್ತದೆ. ನಮ್ಮಲ್ಲೂ 'ಪರದೇಶಿ' ಎಂದರೆ ದಿಕ್ಕಿಲ್ಲದವನು ಎಂದಾಗಿದೆಯಲ್ಲ! ಆದರೆ ಮರ್ಯಾದೆಗೆಂದು ಮಾಡಿದ ಈ ಬದಲಾವಣೆಯಲ್ಲಿ 'ನಡುವಿನದು' ಎಂದು ಹೇಳಲು ಇದ್ದ ಪದವೇ ಕೈತಪ್ಪಿತು.

ಇದರ ಪೆಟ್ಟು ಸುದ್ದಿಮನೆಗೆ ಬೀಳುತ್ತದೆ. ದೇಶೀಯಕ್ಕೆ ಇಷ್ಟು ನಿಮಿಷ, ಅಂತಾರಾಷ್ಟ್ರೀಯಕ್ಕೆ ಇಷ್ಟು ನಿಮಿಷ ಎಂದು ಹಂಚುವವರು ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳೆಂದು ಭಾವಿಸುತ್ತಾರೆ. ಬಿಬಿಸಿ 2023ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವಾಹಿನಿಯನ್ನೂ ಹೊರಜಗತ್ತಿನ ವಾಹಿನಿಯನ್ನೂ ಒಂದಾಗಿಸಿತು; ಸ್ವದೇಶದಲ್ಲಿ ದೊಡ್ಡ ಸುದ್ದಿಯಾದಾಗ ಬ್ರಿಟನ್ನಿನವರಿಗೆ ಬೇರೆ ಪ್ರಸಾರ ಕೊಡುವ ಏರ್ಪಾಡನ್ನು ಇಟ್ಟುಕೊಂಡಿತು. ಅದು ಪ್ರೇಕ್ಷಕರು ಎಲ್ಲಿದ್ದಾರೆ ಎಂಬುದರ ಲೆಕ್ಕ. ಸುದ್ದಿ ಎಂಥದ್ದು ಎಂಬ ಪ್ರಶ್ನೆಯೇ ಬೇರೆ.

2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟು ಕಪ್ಪಾದವು, ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ದರ ಏರಿತು. ಸಕಲೇಶಪುರದ ಬೆಳೆಗಾರ ಅದನ್ನು ಯಾವ ತಟ್ಟೆಗೆ ಹಾಕಬೇಕು? 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಹಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ. ಉಕ್ರೇನಿನ ನೆಲ, ರಷ್ಯಾ ಹೂಡಿದ ಯುದ್ಧ, ನಮ್ಮ ಹಳ್ಳಿಯ ಹುಡುಗ. ಅಂತಾರಾಷ್ಟ್ರೀಯ ಸುದ್ದಿ ಎಂದರೆ ಅದು. ಅಂದು ಅದೇ ಹಾವೇರಿಯ ಸುದ್ದಿಯೂ ಆಗಿತ್ತು.